ಗಾಜಿನ ತೊಟ್ಟಿಯಲ್ಲಿ ಪಾಚಿಯ ಚರಿತ್ರೆ

ಅಕ್ವೇರಿಯಂನ ಇತಿಹಾಸವನ್ನು ನಾವು ಸಾಮಾನ್ಯವಾಗಿ ಮೀನಿನ ಕಡೆಯಿಂದ ಹೇಳುತ್ತೇವೆ. ವಿಜ್ಞಾನದ ಚರಿತ್ರೆಯನ್ನು ಓದುತ್ತಿರುವ ಸಂಶೋಧನಾ ವಿದ್ಯಾರ್ಥಿಯಾದ ನನಗೆ ಅದನ್ನು ಪಾಚಿಯ ಕಡೆಯಿಂದ ನೋಡುವುದು ಹೆಚ್ಚು ಉಪಯುಕ್ತ ಅನ್ನಿಸಿದೆ. ಪಾಚಿ ಏಕೆ ಬರುತ್ತದೆ ಎಂಬ ಪ್ರಶ್ನೆಗೆ ಒಂದೊಂದು ಕಾಲ ಒಂದೊಂದು ಅಪರಾಧಿಯನ್ನು ಹಿಡಿದುಕೊಟ್ಟಿದೆ.

ಗಾಜಿನ ತೊಟ್ಟಿಯಲ್ಲಿ ಜಲಜೀವಿಗಳನ್ನು ಸಾಕಿ ಅಭ್ಯಾಸ ಮಾಡಿದವರಲ್ಲಿ ಜೀನ್ ವಿಲ್‌ಪ್ರ್ಯೂ-ಪವರ್ ಮೊದಲಿಗಳು. 1832ರ ಸುಮಾರಿಗೆ ಸಿಸಿಲಿಯಲ್ಲಿ ಈ ಕೆಲಸ ಮಾಡಿದಳು. ಆದರೆ ಗಿಡ, ಮೀನು, ಪಾಚಿ ಮೂರನ್ನೂ ಒಂದೇ ಲೆಕ್ಕದಲ್ಲಿ ಇಟ್ಟು ನೋಡಿದವನು ಲಂಡನ್ನಿನ ಅಪಾಥೆಕರೀಸ್ ಹಾಲ್‌ನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್. 1849ರಲ್ಲಿ ಅವನು ಸುಮಾರು 12 ಗ್ಯಾಲನ್ ಹಿಡಿಯುವ ಗಾಜಿನ ಪಾತ್ರೆಗೆ ಅರ್ಧದಷ್ಟು ನೀರು ತುಂಬಿ, ಮರಳು, ಕೆಸರು, ಕಲ್ಲು ಹಾಕಿ, ವ್ಯಾಲಿಸ್ನೇರಿಯಾ ಗಿಡ ನೆಟ್ಟು, ಎರಡು ಗೋಲ್ಡ್‌ಫಿಶ್ ಬಿಟ್ಟ. ಬೆಳಕಿನಲ್ಲಿ ಗಿಡಗಳು ಆಮ್ಲಜನಕ ಬಿಡುತ್ತವೆ ಎಂಬುದು ಇಂಗೆನ್‌ಹೌಸ್ 1779ರಲ್ಲೇ ತೋರಿಸಿದ ಸಂಗತಿ. ಹಾಗಾಗಿ ಲೆಕ್ಕ ಸರಿಹೋಗಬೇಕಿತ್ತು.

ಸರಿಹೋಗಲಿಲ್ಲ. ಹಳೆಯ ಎಲೆಗಳು ಕೊಳೆತವು, ನೀರು ಕದಡಿತು, ಗಾಜಿನ ಮೇಲೆ ಹಸಿರು ಲೋಳೆ ಕಟ್ಟಿತು. ವಾರಿಂಗ್ಟನ್ ಕೊಳಗಳಲ್ಲಿ ಏನಾಗುತ್ತದೆ ಎಂದು ಯೋಚಿಸಿ ಕೆಲವು ಬಸವನಹುಳುಗಳನ್ನು ಒಳಗೆ ಬಿಟ್ಟ. ಅವು ಕೊಳೆತ ಎಲೆಯನ್ನೂ ಲೋಳೆಯನ್ನೂ ತಿಂದು ನೀರು ತಿಳಿಯಾಯಿತು. ಅವುಗಳ ಮೊಟ್ಟೆ ಮೀನಿಗೆ ಆಹಾರವಾಯಿತು. ಈ ವರದಿ 1850ರಲ್ಲಿ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ಅವನ ದೃಷ್ಟಿಯಲ್ಲಿ ಅಪರಾಧಿ ಕೊಳೆತ.

1853ರಲ್ಲಿ ಲಂಡನ್ ಮೃಗಾಲಯದ ಮೀನುಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್‌ನ ಪುಸ್ತಕ ಬಂದು 'ಅಕ್ವೇರಿಯಂ' ಎಂಬ ಹೆಸರು ಮನೆಮಾತಾಯಿತು. ಅದರ ಜೊತೆಗೇ ಒಂದು ಆಸೆಯೂ ಹರಡಿತು: ಗಿಡ, ಮೀನು, ಹುಳುಗಳನ್ನು ಸರಿಯಾಗಿ ಹೊಂದಿಸಿಬಿಟ್ಟರೆ ತೊಟ್ಟಿ ತನ್ನಷ್ಟಕ್ಕೆ ತಾನೇ ನಡೆಯುತ್ತದೆ, ನೀರು ಬದಲಿಸುವ ಕೆಲಸವೂ ಇರುವುದಿಲ್ಲ!

ಇಪ್ಪತ್ತನೆಯ ಶತಮಾನದಲ್ಲಿ ಅಪರಾಧಿ ಬದಲಾದ. 1973ರಲ್ಲಿ ಕೆನಡಾದ ಒಂಟಾರಿಯೊದಲ್ಲಿ ಡೇವಿಡ್ ಶಿಂಡ್ಲರ್ ತಂಡ ಒಂದು ಸರೋವರಕ್ಕೆ ನಡುವೆ ಪರದೆ ಕಟ್ಟಿತು. ಎರಡೂ ಭಾಗಕ್ಕೆ ಇಂಗಾಲ ಮತ್ತು ಸಾರಜನಕ, ಒಂದಕ್ಕೆ ಮಾತ್ರ ರಂಜಕ. ರಂಜಕ ಬಿದ್ದ ಭಾಗ ಹಸಿರುಗಟ್ಟಿತು. ಚರಂಡಿ ನೀರು ಸೇರಿದ ನಮ್ಮ ಕೆರೆಗಳನ್ನು ನೋಡಿದವರಿಗೆ ಇದು ಹೊಸದಲ್ಲ. 1996ರಲ್ಲಿ ಪಾಲ್ ಸಿಯರ್ಸ್ ಮತ್ತು ಕೆವಿನ್ ಕಾನ್ಲಿನ್ ಇದೇ ಬಗೆಯ ತರ್ಕವನ್ನು ಮನೆಯ ತೊಟ್ಟಿಗೆ ತಂದರು: ನೈಟ್ರೇಟ್, ಪೊಟ್ಯಾಸಿಯಂ, ಕಬ್ಬಿಣದಂಥವನ್ನು ಗಿಡಕ್ಕೆ ಕೊಡಿ, ಫಾಸ್ಫೇಟ್ ಮಾತ್ರ ಕೊಡಬೇಡಿ, ಇದ್ದಷ್ಟನ್ನು ಗಿಡಗಳೇ ಹೀರಿಕೊಂಡು ಪಾಚಿ ಹಸಿದು ಸಾಯುತ್ತದೆ. ಅನೇಕರಿಗೆ ಫಲ ಸಿಕ್ಕಿತು. ಆಮೇಲೆ ಟಾಮ್ ಬಾರ್ ಗಿಡ ತುಂಬಿದ ತೊಟ್ಟಿಗಳಿಗೆ ಬೇಕೆಂದೇ ಫಾಸ್ಫೇಟ್ ಹಾಕಿ ತೋರಿಸಿದರು. ಪಾಚಿ ಬರಲಿಲ್ಲ, ಗಿಡಗಳು ಇನ್ನಷ್ಟು ಚೆನ್ನಾಗಿ ಬೆಳೆದವು.

ಹಾಗಾದರೆ ಮೊದಲಿನವರು ಸೋತರೇ? ನನಗೆ ಹಾಗನ್ನಿಸುವುದಿಲ್ಲ. ವಿಧಾನಗಳು ಜಗಳವಾಡುತ್ತವೆ, ಆದರೆ ಯಶಸ್ಸು ಕಂಡ ತೊಟ್ಟಿಗಳೆಲ್ಲ ಒಂದೇ ರೀತಿ ಕಾಣುತ್ತವೆ: ಹುರುಪಿನಿಂದ ಬೆಳೆಯುವ ಗಿಡಗಳು ದಟ್ಟವಾಗಿರುತ್ತವೆ. ಬೆಳಕು ಹೆಚ್ಚಾಗಿ ಇಂಗಾಲದ ಡೈಆಕ್ಸೈಡೋ ಪೋಷಕಾಂಶವೋ ಸಾಲದೇ ಹೋದರೆ ಗಿಡ ಸೊರಗುತ್ತದೆ, ಎಲೆ ಕೊಳೆಯುತ್ತದೆ. ಅಲ್ಪದರಲ್ಲೇ ಬದುಕಬಲ್ಲ ಪಾಚಿಗೆ ಆ ಜಾಗ ಸಿಗುತ್ತದೆ. ವಾರಿಂಗ್ಟನ್ ಕಂಡ ಕೊಳೆತ ಎಲೆ ಈ ಸರಪಳಿಯ ಕೊನೆಯ ಕೊಂಡಿ, ಫಾಸ್ಫೇಟ್ ನಡುವಿನ ಒಂದು ಕೊಂಡಿ.

ಇದು ತೊಟ್ಟಿಗಷ್ಟೇ ಸೇರಿದ ಮಾತಲ್ಲ. ಒಂದು ಪರಿಣಾಮಕ್ಕೆ ಒಂದೇ ಕಾರಣ ಹುಡುಕುವ ಚಾಳಿ ಚರಿತ್ರೆ ಬರೆಯುವ ನಮಗೂ ಅಂಟಿಕೊಂಡಿದೆ. ಬರಗಾಲಕ್ಕೆ ಮಳೆಯೊಂದನ್ನೇ, ರಾಜ್ಯದ ಪತನಕ್ಕೆ ಒಬ್ಬ ದೊರೆಯನ್ನೇ ದೂರಿ ಪುಟ ತಿರುವುತ್ತೇವೆ. ಸಮತೋಲನ ತಾನಾಗಿ ನಿಲ್ಲುತ್ತದೆ ಎಂದೂ ನಂಬುತ್ತೇವೆ. ನನ್ನ ಕೋಣೆಯ ಸಣ್ಣ ತೊಟ್ಟಿಯಲ್ಲಿ ಅದು ನಿಂತಿರುವುದು ದಿನಕ್ಕೆ ಆರೇಳು ಗಂಟೆ ಮಾತ್ರ ಉರಿಯುವ ದೀಪ, ಮಿತವಾದ ಮೀನಿನ ಮೇವು, ವಾರಕ್ಕೊಮ್ಮೆ ಬದಲಾಗುವ ನೀರು ಮತ್ತು ಕತ್ತರಿಸಿ ತೆಗೆದ ಹಳದಿ ಎಲೆಗಳಿಂದ. ಗಾಜಿಗೆ ಅಂಟಿದ ಅಲ್ಪಸ್ವಲ್ಪ ಹಸಿರನ್ನು ಬಸವನಹುಳುಗಳು ನೋಡಿಕೊಳ್ಳುತ್ತವೆ.