ಸಂಸ್ಥಾನದ ಪ್ರಜೆ ಮತ್ತು ಉದಾರವಾದ

ವ್ಯಕ್ತಿಸ್ವಾತಂತ್ರ್ಯವನ್ನು ರಾಜ್ಯಶಾಸ್ತ್ರದ ಮೂಲತತ್ತ್ವವಾಗಿ ಪ್ರತಿಷ್ಠಾಪಿಸಿದ ಉದಾರವಾದದ ಚರಿತ್ರೆಯನ್ನು ಬರೆಯುವವರು ಲಂಡನ್ನಿನಿಂದ ಹೊರಟು, ಕಲಕತ್ತೆ ಮುಂಬಯಿಗಳನ್ನು ಹಾದು, ಪುಣೆಯಲ್ಲಿ ಬಿಡಾರ ಹೂಡಿ ವಿಶ್ರಮಿಸುವುದು ವಾಡಿಕೆಯಾಗಿದೆ. ಕೃಷ್ಣೆಯ ಮಗ್ಗುಲಲ್ಲಿರುವ ಸಾಂಗಲಿ, ಮಿರಜಗಳಂಥ ಪಟವರ್ಧನ ಸಂಸ್ಥಾನಗಳವರೆಗೆ ಅವರ ಲೇಖನಿ ಬರುವುದು ಅಪರೂಪ. ಆದರೆ ಆ ತತ್ತ್ವಕ್ಕೆ ಕಠಿನತಮವಾದ ಪರೀಕ್ಷೆ ಒದಗಿದುದು ಇಂಥ ಎಡೆಗಳಲ್ಲಿಯೇ ಎಂದು ನನ್ನ ಭಾವನೆ. ಬ್ರಿಟಿಷ್ ಇಂಡಿಯಾದ ನಿವಾಸಿಗೆ ಇದ್ದವನು ಒಬ್ಬನೇ ಒಡೆಯ. ಸಂಸ್ಥಾನದ ಪ್ರಜೆಗಾದರೋ ಇಬ್ಬರು, ಮತ್ತು ಆ ಇಬ್ಬರಲ್ಲಿ ಒಬ್ಬರೂ ಅವನಿಗೆ ಉತ್ತರ ಹೇಳಲು ಬದ್ಧರಾದವರಲ್ಲ. ಕನ್ನಡಿಗರಿಗೂ ಇದು ಹೊರಗಿನ ಮಾತಲ್ಲ: ಶಿರಹಟ್ಟಿ, ಶಹಾಪುರ, ತೇರದಾಳಗಳು ಸಾಂಗಲಿಗೂ, ಲಕ್ಷ್ಮೇಶ್ವರವು ಹಿರಿಯ ಮಿರಜಕ್ಕೂ, ಗುಡಗೇರಿಯು ಕಿರಿಯ ಮಿರಜಕ್ಕೂ ಸೇರಿದ್ದವು.

ಅಧಿಕಾರವೆಂಬುದು ಪ್ರಜೆಗಳು ಇರಿಸಿದ ನ್ಯಾಸ, ಅದನ್ನು ದುರುಪಯೋಗಪಡಿಸಿದವನು ಅದಕ್ಕೆ ಅರ್ಹನಾಗಿ ಉಳಿಯನು ಎಂಬ ಲಾಕನ ಸಿದ್ಧಾಂತ ಗ್ರಂಥರೂಪದಲ್ಲಿ ಪ್ರಕಟವಾದುದು 1689ರಲ್ಲಿ. ಬಹುಮತದ ದಬ್ಬಾಳಿಕೆಯಿಂದಲೂ ವ್ಯಕ್ತಿಯನ್ನು ಕಾಪಾಡಬೇಕು, ಪರರಿಗೆ ಹಾನಿಯಾಗದ ಹೊರತು ಅವನ ನಡೆಗೆ ಅಡ್ಡಬರಲು ಸಮಾಜಕ್ಕೆ ಹಕ್ಕಿಲ್ಲ ಎಂದು ಜಾನ್ ಸ್ಟುಅರ್ಟ್ ಮಿಲ್ 1859ರಲ್ಲಿ ಸಾರಿದನು. ಇದೇ ಮಿಲ್ 1823ರಿಂದ 1858ರವರೆಗೆ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ಉದ್ಯೋಗಿಯಾಗಿದ್ದು, ದೇಶೀಯ ಸಂಸ್ಥಾನಗಳ ಕುರಿತ ಪತ್ರವ್ಯವಹಾರವನ್ನೇ ಬಹುಕಾಲ ನೋಡಿಕೊಳ್ಳುತ್ತಿದ್ದನು. ಅನಾಗರಿಕರೆನಿಸಿದ ಜನಾಂಗಗಳಿಗೆ ತನ್ನ ಸ್ವಾತಂತ್ರ್ಯತತ್ತ್ವ ಅನ್ವಯಿಸದೆಂದೂ, ಅವರ ಏಳಿಗೆಯೇ ಗುರಿಯಾಗಿದ್ದರೆ ನಿರಂಕುಶಪ್ರಭುತ್ವವೂ ನ್ಯಾಯ್ಯವೆಂದೂ ಅವನು ಆ ಗ್ರಂಥದಲ್ಲಿಯೇ ಬರೆದಿಟ್ಟನು. 1820ರಲ್ಲಿ ನಾಲ್ಕು ಪಾಲಾಗಿದ್ದ ಮಿರಜದ ಎರಡು ಪಾಲುಗಳು ಪುರುಷಸಂತಾನವಿಲ್ಲದೆ 1842ರಲ್ಲಿಯೂ 1845ರಲ್ಲಿಯೂ ಕಂಪನಿಯ ವಶವಾದಾಗ, ಆ ಹಳ್ಳಿಗಳ ರೈತರ ಒಪ್ಪಿಗೆಯನ್ನು ಕೇಳಬೇಕೆಂದು ಯಾರಿಗೂ ತೋರಲಿಲ್ಲ. ಲಾಕನ ನ್ಯಾಸತತ್ತ್ವ ಲಂಡನ್ನಿನ ಕಪಾಟಿನಲ್ಲಿ ಭದ್ರವಾಗಿಯೇ ಇತ್ತು.

ಮಿಲ್ಲನನ್ನು ಈ ವಿನಾಯಿತಿಯಿಂದ ಬಿಡಿಸಿಕೊಂಡು ಓದಿದವರು ಮಹಾರಾಷ್ಟ್ರದ ಸುಧಾರಕರು. ನ್ಯಾಯಮೂರ್ತಿ ರಾನಡೆಯವರು ಪ್ರಗತಿಯನ್ನು ಸರ್ವಾಂಗೀಣವೆಂದು ಕಂಡು, ರಾಜಕೀಯ ಸ್ವಾತಂತ್ರ್ಯವನ್ನು ಸಾಮಾಜಿಕ ನ್ಯಾಯದಿಂದ ಬೇರ್ಪಡಿಸಲಾಗದೆಂದರು. ಸಾಂಗಲಿಗಿಂತ ಮೇಲೆ ಕೃಷ್ಣೆಯ ದಂಡೆಯಲ್ಲಿಯೇ ಇರುವ ಕರಾಡದ ಬಳಿಯ ಟೇಂಭೂ ಗ್ರಾಮದಲ್ಲಿ 1856ರಲ್ಲಿ ಜನಿಸಿದ ಗೋಪಾಳ ಗಣೇಶ ಆಗರಕರರು ಇನ್ನೂ ಮುಂದೆ ಹೋಗಿ, ಮಿಲ್ ಮತ್ತು ಸ್ಪೆನ್ಸರರ ಬುದ್ಧಿವಾದವನ್ನು ರೂಢಿಯ ಮೇಲೆ ನೇರವಾಗಿ ಪ್ರಯೋಗಿಸಿದರು. 1888ರಲ್ಲಿ ಅವರು ಆರಂಭಿಸಿದ 'ಸುಧಾರಕ' ಪತ್ರಿಕೆಯ ಇಂಗ್ಲಿಷ್ ಭಾಗವನ್ನು ನೋಡಿಕೊಂಡವರು ತರುಣ ಗೋಖಲೆ. ಆ ಗೋಖಲೆಯವರ ಸಾಂವಿಧಾನಿಕ ಮಾರ್ಗವನ್ನು ಕನ್ನಡಕ್ಕೆ ಪರಿಚಯಿಸಿ, ಬೆಂಗಳೂರಿನಲ್ಲಿ ಅವರ ಹೆಸರಿನ ಸಾರ್ವಜನಿಕ ವಿಚಾರಸಂಸ್ಥೆಯನ್ನು ಕಟ್ಟಿದವರು ಡಿ.ವಿ.ಗುಂಡಪ್ಪನವರು. ಆಗರಕರರು ಸಹಸಂಸ್ಥಾಪಕರಾಗಿದ್ದ ಡೆಕ್ಕನ್ ಎಜ್ಯುಕೇಶನ್ ಸೊಸಾಯಿಟಿಯೇ 1919ರಲ್ಲಿ ಸಾಂಗಲಿ ಮಿರಜಗಳ ನಡುವೆ ವಿಲಿಂಗ್ಡನ್ ಕಾಲೇಜನ್ನು ಸ್ಥಾಪಿಸಿತು. ರಂ.ಶ್ರೀ.ಮುಗಳಿಯವರು ದೀರ್ಘಕಾಲ ಅಲ್ಲಿ ಕನ್ನಡ ಕಲಿಸಿದರು, ವಿ.ಕೃ.ಗೋಕಾಕರು ಅದರ ಪ್ರಾಂಶುಪಾಲರಾಗಿದ್ದರು.

ಆದರೂ ಪುಣೆಯ ಉದಾರವಾದಿಗಳು ವಾದಿಸುತ್ತಿದ್ದುದು ಮುಖ್ಯವಾಗಿ ಬ್ರಿಟಿಷ್ ಸರಕಾರದೊಡನೆ. ಸಂಸ್ಥಾನಿಕನ ಮುಂದೆ ಪ್ರಜೆಯ ಹಕ್ಕೇನು ಎಂಬ ಪ್ರಶ್ನೆಗೆ ಜೀವಮಾನವನ್ನೇ ಮೀಸಲಿಟ್ಟವರಲ್ಲಿ ಸಾಂಗಲಿಯ ವಕೀಲರಾದ ಗಣೇಶ ರಘುನಾಥ ಅಭ್ಯಂಕರರು ಅಗ್ರಗಣ್ಯರು. 1917ರಷ್ಟು ಮುಂಚೆಯೇ ಸಂಸ್ಥಾನಗಳ ಸುಧಾರಣೆಯನ್ನು ಕುರಿತು ಬರೆದಿದ್ದ ಅವರು, 1928ರಲ್ಲಿ ಭಾರತೀಯ ಸಂಸ್ಥಾನಗಳ ಸಮಸ್ಯೆಯ ಮೇಲೊಂದು ಬೃಹದ್ಗ್ರಂಥವನ್ನೇ ಪ್ರಕಟಿಸಿದರು. ಕಾಲವೂ ಹದವಾಗಿತ್ತು. ಸಂಸ್ಥಾನಗಳಿಗೂ ಬ್ರಿಟಿಷ್ ಪ್ರಭುತ್ವಕ್ಕೂ ಇದ್ದ ಸಂಬಂಧವನ್ನು ಪರಿಶೀಲಿಸಲು 1927ರಲ್ಲಿ ನೇಮಕವಾದ ಬಟ್ಲರ್ ಸಮಿತಿಯ ಎದುರಿಗೆ ರಾಜರು, ತಮ್ಮ ಒಪ್ಪಂದಗಳು ಸಾಕ್ಷಾತ್ ಬ್ರಿಟಿಷ್ ಸಿಂಹಾಸನದೊಡನೆ ಆದವು, ನಾಳೆ ಬರಬಹುದಾದ ಭಾರತೀಯ ಸರಕಾರಕ್ಕೆ ಅವುಗಳಲ್ಲಿ ಪಾಲಿಲ್ಲ, ಎಂದು ದುಬಾರಿ ಬ್ಯಾರಿಸ್ಟರರಿಂದ ವಾದ ಮಾಡಿಸಿದರು. ಅದೇ ವರ್ಷ ಸಂಘಟಿತವಾದ ಸಂಸ್ಥಾನ ಪ್ರಜಾಪರಿಷತ್ತಿಗಾದರೋ ಸಮಿತಿ ಮುಖತಃ ನಿವೇದಿಸುವ ಅವಕಾಶವನ್ನು ಕೊಡಲಿಲ್ಲ. ಎರಡು ಪಕ್ಷಗಳ ನಡುವಣ ಕರಾರಿನಲ್ಲಿ ಮೂರನೆಯವನಾದ ಪ್ರಜೆಗೆ ಸ್ಥಾನವೆಲ್ಲಿ? ಪ್ರಜಾಪಕ್ಷದವರು ಕೇಳಿದುದು ಸಾಮಾನ್ಯವಾದ ಸಂಗತಿಗಳನ್ನೇ: ರಾಜನ ಖಾಸಗಿ ಖರ್ಚು ರಾಜ್ಯದ ಉತ್ಪನ್ನದಿಂದ ಬೇರೆಯಾಗಿರಲಿ, ನ್ಯಾಯಾಲಯ ಅರಮನೆಗೆ ಅಧೀನವಾಗದಿರಲಿ, ಮಂತ್ರಿ ಸಭೆಗೆ ಹೊಣೆಯಾಗಿರಲಿ. ಲಾಕನ ನ್ಯಾಸತತ್ತ್ವವನ್ನು ಇಷ್ಟು ವ್ಯಾವಹಾರಿಕವಾಗಿ ಬಿಡಿಸಿಟ್ಟ ಬರವಣಿಗೆ ನಮ್ಮ ಸೀಮೆಯಲ್ಲಿ ವಿರಳ. ಅಭ್ಯಂಕರರು ತತ್ತ್ವಜ್ಞರ ಪಟ್ಟಿಯಲ್ಲಿ ಸೇರದಿರುವುದು ಅವರು ವಕೀಲರಂತೆ ಬರೆದುದರಿಂದಲೇ ಇರಬೇಕು.

ನೆರೆಯ ಔಂಧ ಸಂಸ್ಥಾನದಲ್ಲಿ ಉತ್ತರ ಬೇರೊಂದು ದಿಕ್ಕಿನಿಂದ ಬಂದಿತು. 1939ರಲ್ಲಿ ಭವಾನರಾವ್ ಪಂತಪ್ರತಿನಿಧಿಗಳು, ಗಾಂಧೀಜಿಯ ಸಲಹೆ ಪಡೆದು, ಗ್ರಾಮಪಂಚಾಯತಿಗಳನ್ನು ಬುನಾದಿಯಾಗಿಟ್ಟ ಸಂವಿಧಾನವೊಂದನ್ನು ತಾವಾಗಿಯೇ ದಯಪಾಲಿಸಿದರು. ಇಂದು ಸಾಂಗಲಿ ಜಿಲ್ಲೆಯಲ್ಲಿರುವ ಆಟಪಾಡಿಯೂ, ವಿಜಯಪುರ ಜಿಲ್ಲೆಯೊಳಗಣ ಗುಣದಾಳವೂ ಆ ಸಂಸ್ಥಾನದವೇ. ಅಧಿಕಾರವನ್ನು ತಾನೇ ತ್ಯಜಿಸುವ ರಾಜನನ್ನು ಉದಾರವಾದದ ಗ್ರಂಥಗಳು ನಿರೀಕ್ಷಿಸಿರಲಿಲ್ಲ. ಹಕ್ಕೆಂದು ಕೇಳಿ ಪಡೆಯಬೇಕಾದುದು ಇಲ್ಲಿ ಪ್ರಸಾದವಾಗಿ ದೊರೆಯಿತು.

ಹಕ್ಕಿನ ಭಾಷೆಯ ಇನ್ನೊಂದು ಕೊರತೆ ಬಯಲಾದುದು ಮಿರಜ-ಕೊಲ್ಹಾಪುರ ರೈಲುದಾರಿಗೆ ಸಮೀಪದ ಮಾಣಗಾವದಲ್ಲಿ. 1920ರ ಮಾರ್ಚಿನಲ್ಲಿ ಅಲ್ಲಿ ನಡೆದ ಅಸ್ಪೃಶ್ಯರ ಪರಿಷತ್ತಿನಲ್ಲಿ ಕೊಲ್ಹಾಪುರದ ಶಾಹೂ ಮಹಾರಾಜರು ತರುಣ ಅಂಬೇಡಕರರನ್ನು ಜನರ ಮುಂದೆ ನಿಲ್ಲಿಸಿದರು. ಕಾನೂನು ಎಲ್ಲರಿಗೂ ಒಂದೇ ಎಂದು ಸಾರಿದ ಮಾತ್ರಕ್ಕೆ, ಊರ ಕೆರೆಯ ನೀರನ್ನೇ ಮುಟ್ಟಲಾಗದವನು ಸ್ವತಂತ್ರನಾಗುವನೇ? ಅಡ್ಡಿಯಿಲ್ಲದಿರುವುದಷ್ಟೇ ಸ್ವಾತಂತ್ರ್ಯವಲ್ಲ, ಯೋಗ್ಯವಾದುದನ್ನು ಮಾಡಲು ಸಾಮರ್ಥ್ಯವಿರುವುದೇ ಸ್ವಾತಂತ್ರ್ಯ ಎಂದು ಆಕ್ಸ್‌ಫರ್ಡಿನ ಟಿ.ಎಚ್.ಗ್ರೀನ್ ತಾತ್ತ್ವಿಕವಾಗಿ ಹೇಳಿದುದು ಇಲ್ಲಿ ಬೆವರಿನ ಅನುಭವವಾಗಿತ್ತು. 1943ರಲ್ಲಿ ಪುಣೆಯಲ್ಲಿ ರಾನಡೆಯವರನ್ನು ಕುರಿತು ಮಾತನಾಡಿದ ಅಂಬೇಡಕರರು ಅವರ ಹಿರಿಮೆಯನ್ನು ಮನಸಾರೆ ಒಪ್ಪಿದರು. ರಾನಡೆಯವರ ಅನುಯಾಯಿಗಳಾದ ಉದಾರವಾದಿಗಳ ನಿಷ್ಕ್ರಿಯತೆಯನ್ನು ಮಾತ್ರ ಕ್ಷಮಿಸಲಿಲ್ಲ.

1948ರ ಮಾರ್ಚಿನಲ್ಲಿ ಪಟವರ್ಧನ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ ಅಭ್ಯಂಕರರ ಪ್ರಶ್ನೆಯೇನೋ ತೀರಿತು. 1956ರ ಪುನರ್ವಿಂಗಡಣೆಯಲ್ಲಿ ಶಿರಹಟ್ಟಿ, ಲಕ್ಷ್ಮೇಶ್ವರಗಳು ಮೈಸೂರಿಗೆ ಬಂದವು. ಸಾಂಗಲಿ, ಮಿರಜ, ಜತ್ತಗಳು ಬರಲಿಲ್ಲ; ಅಲ್ಲಿಯ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರಾಗಿ ಉಳಿದರು. ಅದೇ ವರ್ಷ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಅನುಕೂಲ ಒದಗಿಸಲು ಯತ್ನಿಸಬೇಕೆಂದು ರಾಜ್ಯಗಳಿಗೆ ವಿಧಿಸುತ್ತದೆ. ಹಕ್ಕು ವ್ಯಕ್ತಿಗೋ ಸಮುದಾಯಕ್ಕೋ ಎಂಬ ಚರ್ಚೆಯನ್ನು ಕೆನಡಾದ ವಿಲ್ ಕಿಮ್ಲಿಕಾ 1995ರಲ್ಲಿ ಉದಾರವಾದದ ಚೌಕಟ್ಟಿನೊಳಗೇ ವಿಸ್ತಾರವಾಗಿ ಮಂಡಿಸುವ ಹೊತ್ತಿಗೆ, ಜತ್ತ ತಾಲ್ಲೂಕಿನ ಕನ್ನಡ ಶಾಲೆಗಳ ಪಾಲಕರು ಅದನ್ನು ಶಿಕ್ಷಕರ ನೇಮಕ, ಪಠ್ಯಪುಸ್ತಕಗಳ ಪೂರೈಕೆ ಎಂಬ ರೂಪದಲ್ಲಿ ಎಷ್ಟೋ ವರ್ಷಗಳಿಂದ ವಾದಿಸುತ್ತಲೇ ಇದ್ದರು.