ಸವುಳು ನೆಲ, ಆಳದ ನೇಗಿಲು

1997ರಲ್ಲಿ ರಾಯಚೂರಿನಿಂದ ಬೇರೆಯಾದಾಗ ಕೊಪ್ಪಳ ಜಿಲ್ಲೆಗೆ ಇದ್ದದ್ದು ನಾಲ್ಕೇ ತಾಲ್ಲೂಕು. ಜಿಲ್ಲೆ ಒಂದಾದರೂ ಒಕ್ಕಲುತನ ಎರಡು ಬಗೆ. ಆಳವಾಗಿ ಉತ್ತರೆ ಬೆಳೆ ಚೆನ್ನ ಎಂಬ ಹಿರಿಯರ ಮಾತು ಕುಷ್ಟಗಿ, ಯಲಬುರ್ಗಾಗಳ ಮಟ್ಟಿಗೆ ನಿಜ. ಅಲ್ಲಿ ಮಳೆಯೇ ಆಧಾರ. ಮಾಗಿ ಉಳುಮೆ ಕಂಡ ಹೊಲ ಮಳೆನೀರನ್ನು ಒಳಗೆ ಹಿಡಿದುಕೊಳ್ಳುತ್ತದೆ, ಕರಿಕೆಯ ಬೇರು ಬಿಸಿಲಿಗೆ ಒಣಗುತ್ತದೆ, ಜೋಳ ಸಜ್ಜೆಗಳ ಬೇರು ಕೆಳಗಿಳಿಯುತ್ತದೆ.

ಗಂಗಾವತಿಯ ಕರಿ ನೆಲದ ಕಥೆ ಬೇರೆ. ಆನೆಗೊಂದಿಯ ಸುತ್ತ ವಿಜಯನಗರದ ಕಾಲದ ಕಾಲುವೆಗಳ ಕೆಳಗೆ ಭತ್ತ ಹಳೆಯದು. ಆದರೆ ಅದು ಹೊಳೆಯ ಮಗ್ಗುಲಿಗಷ್ಟೇ ಇತ್ತು. ಹೈದರಾಬಾದ್ ಸಂಸ್ಥಾನವೂ ಮದ್ರಾಸ್ ಪ್ರಾಂತ್ಯವೂ ಕೂಡಿ ತುಂಗಭದ್ರೆಯ ಅಣೆಕಟ್ಟಿಗೆ ಅಡಿಗಲ್ಲು ಹಾಕಿದ್ದು 1945ರ ಫೆಬ್ರುವರಿ 28ರಂದು. 1953ರಲ್ಲಿ ಕಾಲುವೆಗೆ ನೀರು ಬಂತು. ಜೋಳ, ಹತ್ತಿ, ಶೇಂಗಾದಂಥ ಬೆಳೆಗೆ ಅಲ್ಪ ನೀರು ಕೊಟ್ಟು ಹೆಚ್ಚು ಹೊಲಗಳನ್ನು ಬರದಿಂದ ಕಾಯುವುದು ಎಡದಂಡೆಯ ಯೋಜನೆಯ ಉದ್ದೇಶ. ಕಣ್ಣೆದುರು ನೀರು ಹರಿಯುವಾಗ ಯಾರು ಕೇಳುತ್ತಾರೆ? ಕಾಲುವೆಯ ಮೇಲ್ಭಾಗ ಭತ್ತದ ಗದ್ದೆಯಾಯಿತು, ಕೊನೆಯ ಭಾಗದವರಿಗೆ ನೀರು ಸಾಲದಾಯಿತು.

ಕರಿ ಮಣ್ಣಿನಲ್ಲಿ ನೀರು ಬೇಗ ಬಸಿಯದು. ಕೆಳಗಿನ ನೀರು ವರ್ಷವರ್ಷ ಮೇಲೇರಿತು. ಬತ್ತಿ ಎಣ್ಣೆಯನ್ನು ಎಳೆದಂತೆ ಬಿಸಿಲು ಅದನ್ನು ಎಳೆದು, ಉಪ್ಪನ್ನು ನೆಲದ ಮೇಲೆ ಬಿಟ್ಟಿತು. ಬೆಳ್ಳಗೆ ಕಾಣುವ ಉಪ್ಪನ್ನು ಒಳ್ಳೆಯ ನೀರು ನಿಲ್ಲಿಸಿ, ಬಸಿದು ತೊಳೆಯಬಹುದು. ಸೋಡಿಯಂ ಹಿಡಿದ ಮಣ್ಣು ಹಾಗಲ್ಲ. ಅದರ ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನು ಮುಚ್ಚುತ್ತವೆ. ಹಸಿಯಿದ್ದಾಗ ಅಂಟು, ಒಣಗಿದರೆ ಇಟ್ಟಿಗೆ. ನೀರೂ ಇಳಿಯದು, ಬೇರೂ ಇಳಿಯದು.

ಇಂಥ ಹೊಲಕ್ಕೆ ಟ್ರ್ಯಾಕ್ಟರಿನ ದೊಡ್ಡ ನೇಗಿಲು ಹಾಕಿದರೆ ಗಟ್ಟಿ ಪದರ ಒಡೆಯುವುದೇನೋ ಸರಿ. ಸೋಡಿಯಂ ಮಾತ್ರ ಅಲ್ಲೇ ಉಳಿಯುತ್ತದೆ. ಎರಡು ನೀರು ಕಂಡ ಮೇಲೆ ನೆಲ ಮತ್ತೆ ಮುಚ್ಚಿಕೊಳ್ಳುತ್ತದೆ. ಕೆಳಗೆ ಇನ್ನೂ ಕೆಟ್ಟ ಮಣ್ಣಿದ್ದರೆ ಅದೇ ಮೇಲೆ ಬಂದು ಭತ್ತದ ಸಸಿಯನ್ನು ಸುಡುತ್ತದೆ. ಅದಕ್ಕೇ ಉಳುಮೆಯ ಜೊತೆಗೆ ಜಿಪ್ಸಂ ಬೇಕು. ಅದರಲ್ಲಿರುವ ಕ್ಯಾಲ್ಸಿಯಂ ಸೋಡಿಯಂನ ಜಾಗ ಹಿಡಿಯುತ್ತದೆ. ದೈಂಚಾದಂಥ ಹಸಿರುಗೊಬ್ಬರ ಮಣ್ಣನ್ನು ಸಡಿಲಿಸುತ್ತದೆ. ಬಿಡುಗಡೆಯಾದ ಸೋಡಿಯಂ ನೀರಿನೊಡನೆ ಹೊರಹೋಗಲು ಬಸಿಗಾಲುವೆ ಬೇಕು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಸವುಳು ಜವುಳು ಭೂಮಿಯ ಮೇಲೆಯೇ ಪ್ರಯೋಗ ನಡೆಸುತ್ತ ಬಂದಿದೆ.

ಜಿಪ್ಸಂ ಒಬ್ಬ ರೈತ ತರಬಹುದು, ಉಳುಮೆಯನ್ನೂ ಒಬ್ಬನೇ ಮಾಡಿಸಬಹುದು. ಬಸಿಗಾಲುವೆ ಮಾತ್ರ ಒಬ್ಬನ ಬದುವಿನಲ್ಲಿ ಮುಗಿಯುವುದಿಲ್ಲ. ಅದು ಕೆಳಗಿನವರ ಹೊಲ ದಾಟಿ ಹಳ್ಳ ಸೇರಬೇಕು. ಕಾಲುವೆಯನ್ನು ಸರಕಾರ ತಂದುಕೊಟ್ಟಿತು. ನೀರು ಹೊರಹೋಗುವ ದಾರಿಯನ್ನು ಊರವರು ಕೂತು ಮಾತಾಡಿ ಬಿಟ್ಟುಕೊಡಬೇಕಾಗಿದೆ.