ಜಾವಾದ ರೇಖೆಗಳು: ಚಿತ್ರಕಾರ ಯಾನ್ ತೊರೊಪ್

ನಿಮ್ಮ ಮನೆಯಲ್ಲಿ ಹಿರಿಯರು ಬರೆದಿಟ್ಟ ಶಜರಾ, ಅಂದರೆ ವಂಶವೃಕ್ಷ, ಇದ್ದರೆ ಒಮ್ಮೆ ತೆಗೆದು ನೋಡಿರಿ. ಅಜ್ಜ, ಮುತ್ತಜ್ಜ, ಅವರ ತಂದೆ ಎಂದು ಹೆಸರುಗಳು ಸಾಲಾಗಿ ಇರುತ್ತವೆ. ಮುತ್ತಜ್ಜಿಯ ಹೆಸರು ಮಾತ್ರ ಅಪರೂಪ. ಇಂಡೋನೇಷ್ಯಾದಲ್ಲಿ ಡಚ್ಚರಿಗೂ ಅಲ್ಲಿನ ಹೆಂಗಸರಿಗೂ ಹುಟ್ಟಿದ 'ಇಂಡೋ' ಜನರ ಪಾಲಿಗೆ ಈ ಕೊರತೆ ಬದುಕಿನ ಪ್ರಶ್ನೆಯೇ ಆಗಿತ್ತು.

ಪರೀಕ್ಷೆಯಲ್ಲಿ ಡಚ್ಚರೆಂದರೆ ನಮಗೆ ಎರಡು ಅಂಕದ ಪ್ರಶ್ನೆ. ಆದರೆ 1619ರಲ್ಲಿ ಅವರು ಜಾವಾದಲ್ಲಿ ಬಟಾವಿಯಾ ನಗರವನ್ನು, ಅಂದರೆ ಇಂದಿನ ಜಕಾರ್ತವನ್ನು, ಕಟ್ಟಿದರು. ಹಡಗಿನಲ್ಲಿ ಬಂದವರು ಹೆಚ್ಚಾಗಿ ಗಂಡಸರು. ಅವರು ಏಷ್ಯಾದ ಹೆಂಗಸರೊಂದಿಗೆ ಸಂಸಾರ ಹೂಡಿದರು. ಮಲಬಾರ್, ಕೋರಮಂಡಲ, ಬಂಗಾಳದ ತೀರಗಳಿಂದ ಗುಲಾಮರಾಗಿ ಒಯ್ಯಲ್ಪಟ್ಟ ನಮ್ಮ ದೇಶದ ಹೆಣ್ಣುಮಕ್ಕಳೂ ಅವರಲ್ಲಿದ್ದರು. 19ನೇ ಶತಮಾನದಲ್ಲಿ ಮದುವೆಯಿಲ್ಲದೆ ಡಚ್ಚನ ಮನೆ ನಡೆಸುವ ಹೆಣ್ಣನ್ನು 'ನ್ಯಾಯ್' ಎನ್ನುತ್ತಿದ್ದರು. ಅವರಲ್ಲಿ ಅನೇಕರು ಜಾವಾದ ಮುಸ್ಲಿಮರು. ತಂದೆ ರಿಜಿಸ್ಟರಿನಲ್ಲಿ ಒಪ್ಪಿ ಸಹಿ ಮಾಡಿದರೆ ಮಗು 'ಯೂರೋಪಿಯನ್'. ಆದರೆ ಆ ಮಗುವಿನ ಮೇಲೆ ತಾಯಿಗೆ ಹಕ್ಕು ಉಳಿಯುತ್ತಿರಲಿಲ್ಲ. ಸಹಿ ಮಾಡದಿದ್ದರೆ ಮಗು ತಾಯಿಯ ಹಳ್ಳಿಗೆ. ಕೆಲವು ತಂದೆಯರು ತಮ್ಮ ಹೆಸರನ್ನು ಹಿಂದುಮುಂದಾಗಿ ಬರೆದು ಕೊಟ್ಟರು. 'ವೆರ್ಮೆರ್' ಎಂಬ ಮನೆತನದ ಹೆಸರು ಹೀಗೆಯೇ 'ರೆಮ್ರೆವ್' ಆಯಿತು. ಒಪ್ಪಿಕೊಂಡಂತೆಯೂ ಇರಬೇಕು, ಒಪ್ಪದಂತೆಯೂ ಇರಬೇಕು, ನೋಡಿ!

ಯಾನ್ ತೊರೊಪ್ 1858ರಲ್ಲಿ ಜಾವಾದ ಪುರ್ವೊರೆಜೊದಲ್ಲಿ ಹುಟ್ಟಿದ. ಮನೆತನ ಯೂರೋಪ್ ಮತ್ತು ಏಷ್ಯಾ ಬೆರೆತದ್ದು. ತಂದೆ ಸರಕಾರಿ ನೌಕರ. ಇವನು ಓದಿಗೆಂದು 1869ರಲ್ಲಿ ಹಾಲೆಂಡಿಗೆ ಹೋದ. ಮುಂದೆ ವರ್ಣಚಿತ್ರ, ಭಿತ್ತಿಪತ್ರ, ಹೆಂಚಿನ ಚಿತ್ರ, ಬಣ್ಣದ ಗಾಜು ಎಲ್ಲದರಲ್ಲೂ ಕೈಯಾಡಿಸಿದ. 1894ರಲ್ಲಿ ಅಡುಗೆ ಎಣ್ಣೆಯ ಕಂಪನಿಯೊಂದಕ್ಕೆ ಅವನು ಬರೆದ ಜಾಹೀರಾತು ಎಷ್ಟು ಹೆಸರಾಯಿತೆಂದರೆ, ಆ ಕಾಲದ ಡಚ್ ಕಲಾಶೈಲಿಗೇ 'ಎಣ್ಣೆ ಶೈಲಿ' ಎಂಬ ಅಡ್ಡಹೆಸರು ಬಿತ್ತು.

ಅವನ 'ಮೂವರು ವಧುಗಳು' (1893) ಚಿತ್ರವನ್ನು ನೋಡಿರಿ. ಅತಿ ಉದ್ದನೆಯ ತೆಳ್ಳಗಿನ ತೋಳುಗಳು, ಪಕ್ಕಕ್ಕೆ ತಿರುಗಿದ ಮುಖಗಳು, ನೀರಿನ ಸುಳಿಯಂತೆ ಹರಿಯುವ ಕೂದಲು. ಜಾವಾದ ತೊಗಲುಗೊಂಬೆ 'ವಾಯಾಂಗ್' ಕಂಡವರಿಗೆ ಗುರುತು ಹತ್ತದೆ ಇರದು. ಎಮ್ಮೆಯ ಚರ್ಮದ ಈ ಗೊಂಬೆಗಳ ಕಥೆ ರಾಮಾಯಣ, ಮಹಾಭಾರತದ್ದು. ಆಡಿಸುವವರು, ನೋಡುವವರು ಬಹುಪಾಲು ಮುಸ್ಲಿಮರು. ಸೂಫಿ ಸುನನ್ ಕಲಿಜಾಗ ಇಸ್ಲಾಮಿನ ಪ್ರಚಾರಕ್ಕೂ ಇದೇ ಆಟವನ್ನು ಬಳಸಿದರೆಂದು ಜಾವಾದ ಜನ ಹೇಳುತ್ತಾರೆ. ಹನ್ನೊಂದು ವರ್ಷ ತುಂಬುವ ಮೊದಲೇ ಊರು ಬಿಟ್ಟ ಹುಡುಗನ ಕೈಯಲ್ಲಿ ಆ ರೇಖೆ ಉಳಿದಿತ್ತು. ಕಾಗದದಲ್ಲಿ ಉಳಿಯದ್ದು ಕೈಯಲ್ಲಿ ಉಳಿಯಿತೆಂದು ನನಗನ್ನಿಸುತ್ತದೆ.

ತೊರೊಪ್ 1928ರಲ್ಲಿ ಹೇಗ್ ನಗರದಲ್ಲಿ ತೀರಿಕೊಂಡ. 1949ರ ಡಿಸೆಂಬರಿನಲ್ಲಿ ಡಚ್ಚರು ಇಂಡೋನೇಷ್ಯಾದ ಅಧಿಕಾರ ಬಿಟ್ಟುಕೊಟ್ಟರು. 1945ರಿಂದ 1960ರ ದಶಕದವರೆಗೆ ಸುಮಾರು 3 ಲಕ್ಷ ಜನ ಅಲ್ಲಿಂದ ಹಾಲೆಂಡಿಗೆ ಹೋದರು. ಬಹುಪಾಲು ಇಂಡೋಗಳೇ. ಅವರ ಮೊಮ್ಮಕ್ಕಳಲ್ಲಿ ಹಲವರು ಇಂದು ಚಿತ್ರ, ನಾಟಕ, ಫೋಟೋಗಳ ಮೂಲಕ ಆ ಅಜ್ಜಿಯರನ್ನು ಹುಡುಕುತ್ತಿದ್ದಾರೆ.

ತೊರೊಪನ ಮಗಳು ಶಾರ್ಲಿಯೂ ದೊಡ್ಡ ಚಿತ್ರಕಾರ್ತಿ. ಆಕೆ 1941ರಿಂದ 1950ರವರೆಗೆ 'ಮೂರು ತಲೆಮಾರು' ಎಂಬ ಚಿತ್ರ ಬರೆದಳು. ಅದರಲ್ಲಿ ತಂದೆಯ ಶಿಲ್ಪದ ತಲೆ, ಕುಂಚ ಹಿಡಿದ ತಾನು, ಚಿತ್ರಕಾರನಾದ ಮಗ ಇದ್ದಾರೆ. ಜಾವಾದ ಅಜ್ಜಿಯರು ಯಾರೂ ಅದರಲ್ಲಿಲ್ಲ.